ಬೆಳಕು ಮತ್ತು ಶಬ್ದದ ದೂರು

ನಮ್ಮ ಅತ್ತಿಗೆಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ‘ಸಂಬಳಕ್ಕೆ ಬೈಗುಳ ಓದೋದು’ ಅಂತಿದ್ದೆ. ಸುಳ್ಳೇನೂ ಅಲ್ಲ. ಟೆಲಿವಿಷನ್ ಕೇಂದ್ರದ ಮೂರನೇ ಮಹಡಿಯ ಮೂಲೆಯಲ್ಲಿ ವೀಕ್ಷಕರ ಅಭಿಪ್ರಾಯ ವಿಭಾಗ ಅಂತ ಒಂದಿತ್ತು. ಎರಡು ಮೇಜು, ನಾಲ್ಕು ಪೆಟ್ಟಿಗೆ, ಒಂದು ದೊಡ್ಡ ಕತ್ತರಿ, ಒಂದು ಅಂಟಿನ ಡಬ್ಬಿ, ಇಷ್ಟೇ ವಿಭಾಗ. ಜನ ಸಂಜೆಯೆಲ್ಲ ಟೀವಿ ಮುಂದೆ ಕೂತು, ಕೂತಿದ್ದಕ್ಕೆ ತಮ್ಮನ್ನೇ ತಾವು ಬೈದುಕೊಳ್ಳಲಾರದೆ ಕೇಂದ್ರದವರಿಗೆ ಬೈದು ಬರೆಯುತ್ತಿದ್ದರು. ಹದಿನಾರು ವರ್ಷ ಅದನ್ನೆಲ್ಲ ಓದಿದವಳು ಅತ್ತಿಗೆ.

ನಾನು ಗ್ಯಾಸ್ ಹೀಟರ್ ರಿಪೇರಿಯವನು. ಮದುವೆ ಗಿದುವೆ ಅಂತ ಏನೂ ಆಗಲಿಲ್ಲ, ಅಣ್ಣನ ಮನೆಯಲ್ಲೇ ಇದ್ದೇನೆ. ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು, ಅದಕ್ಕೇ ನಮ್ಮಿಬ್ಬರಲ್ಲಿ ಬಹುವಚನದ ಲೆಕ್ಕ ಇಲ್ಲ. ಅವಳು ನನ್ನನ್ನು ‘ಕೊಳವೆ ಮೈದುನ’ ಅನ್ನುತ್ತಾಳೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಅಣ್ಣನ ದೂರು. ಇರಲಿ. ದಿನವಿಡೀ ಕಂಡವರ ಮನೆಯ ಮಸಿ ಕೆರೆಯೋನಿಗೆ ಕೋಪ ಬರದೆ ಹಾಡು ಬರುತ್ತದೆಯೇ?

ಅತ್ತಿಗೆಯ ಕೆಲಸದ ರೀತಿ ಸ್ವಲ್ಪ ಹೇಳಬೇಕು, ಆಮೇಲಿನದೆಲ್ಲ ಅದರಿಂದಲೇ ಆಗಿದ್ದು. ಒಮ್ಮೆ ಯಾರೋ ಒಬ್ಬ ನಿರ್ದೇಶಕ, ತನ್ನ ನಾಟಕವನ್ನು ಹಳಿದವನ ವಿಳಾಸ ಹಿಡಿದು ಮನೆಗೇ ಹೋಗಿ ಜಗಳ ತೆಗೆದಿದ್ದನಂತೆ. ಅಂದಿನಿಂದ ವಿಭಾಗದ ಮುಖ್ಯಸ್ಥರು ಒಂದು ನಿಯಮ ತಂದರು. ಕಾಗದ ಬಂದ ಕೂಡಲೇ ಲಕೋಟೆಯ ಮೇಲಿನ ಕಳಿಸಿದವರ ವಿಳಾಸವನ್ನು ಕತ್ತರಿಸಬೇಕು. ಕತ್ತರಿಸಿದ ಆ ಚೂರನ್ನೇ ಉತ್ತರದ ಲಕೋಟೆಗೆ ಅಂಟಿಸಿ ಅಂಚೆಗೆ ಹಾಕಬೇಕು. ವಿಳಾಸ ನಕಲು ಮಾಡುವ ಶ್ರಮವಿಲ್ಲ, ತಪ್ಪು ಬರೆಯುವ ಭಯವಿಲ್ಲ, ನಿರ್ದೇಶಕರ ಕೈಗೆ ಸಿಗುವ ಮಾತೇ ಇಲ್ಲ. ಈ ಜಾಣತನಕ್ಕೆ ಮುಖ್ಯಸ್ಥರಿಗೆ ‘ಕತ್ತರಿ’ ಅಂತಲೇ ಹೆಸರು ಬಿತ್ತು. ಬೆನ್ನ ಹಿಂದೆ, ಅಷ್ಟೇ.

ಕಾಗದಗಳಿಗೆ ನಾಲ್ಕು ಪೆಟ್ಟಿಗೆ: ಹೊಗಳಿಕೆ, ತೆಗಳಿಕೆ, ಬೆಳಕು ಮತ್ತು ಶಬ್ದದ ದೂರು, ಇತರೆ. ಇತರೆ ಅಂದರೆ ತಲೆಕೆಟ್ಟವರು. ಐದು ಸಾಲು ಓದಿ ಯಾವ ಪೆಟ್ಟಿಗೆ ಅಂತ ತೀರ್ಮಾನಿಸಬೇಕು, ಅದು ಕತ್ತರಿಯವರ ಎರಡನೇ ನಿಯಮ. ಪ್ರತಿ ಪೆಟ್ಟಿಗೆಗೂ ಅಚ್ಚು ಹಾಕಿಸಿದ ಉತ್ತರದ ಚೀಟಿ ಇತ್ತು. ಬೆಳಕು-ಶಬ್ದದ್ದು ಹಸಿರು ಚೀಟಿ. ಅದರ ಒಕ್ಕಣೆ ಅತ್ತಿಗೆಯದೇ. ‘ಬೀದಿದೀಪದ ಬೆಳಕು ಪರದೆಯ ಮೇಲೆ ಬೀಳದಂತೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ. ಹೊರಗಿನ ಗದ್ದಲ ಬಾರದಂತೆ ಬಾಗಿಲ ಸಂದುಗಳಿಗೂ ಬಟ್ಟೆ ತುರುಕಿ. ಕಣ್ಣು ಕಿವಿಗಳಿಗೆ ಹಿತವಾಗುವುದು.’ ಕತ್ತರಿಯವರು ಮೆಚ್ಚಿ ಎರಡು ಸಾವಿರ ಅಚ್ಚು ಹಾಕಿಸಿದಾಗ ಅವಳು ಒಂದು ಚೀಟಿಯನ್ನು ಮನೆಗೆ ತಂದು ನಮಗೆ ತೋರಿಸಿದ್ದಳು. ಅಚ್ಚಾದ ತನ್ನ ಬರಹ ಅಂತ ಅವಳಿಗೆ ಹೆಮ್ಮೆ.

ಆ ಚಳಿಗಾಲದಲ್ಲಿ ‘ದೂರದ ಪಾಳಿ’ ಅನ್ನೋ ಧಾರಾವಾಹಿ ಶುರುವಾಯಿತು. ಪ್ರತಿ ಗುರುವಾರ ಸಂಜೆ ಏಳಕ್ಕೆ. ಇನ್ನೂರು ವರ್ಷ ದೂರದ ಗ್ರಹಕ್ಕೆ ಹೊರಟ ಒಂದು ಹಡಗು. ಅದರಲ್ಲಿರೋರು ಪಾಳಿಯ ಮೇಲೆ ಮಲಗುತ್ತಾರೆ, ಪಾಳಿಯ ಮೇಲೆ ಏಳುತ್ತಾರೆ. ಯಾರನ್ನಾದರೂ ಮಲಗಿಸುವಾಗ ಪರದೆಯೆಲ್ಲ ನೀಲಿಯಾಗಿ ಮಿಣುಕುತ್ತೆ, ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತೆ. ಇಪ್ಪತ್ತಾರು ಕಂತು ಅಂತ ಹೊರಟದ್ದು ಎಂಟಕ್ಕೇ ಮುಗಿಸಿ ಅಂತ ಮೇಲಿನಿಂದ ಹುಕುಂ ಬಂತು. ನೋಡೋರು ಕಡಿಮೆ. ಬರೆಯೋರು ಮಾತ್ರ ಹೊರೆ ಹೊರೆ.

ಅತ್ತಿಗೆ ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಇನ್ನೂರು ವರ್ಷದಲ್ಲಿ ಕಪ್ತಾನನ ತಲೆಗೂದಲು ಯಾಕೆ ಒಂದಂಗುಲವೂ ಬೆಳೆದಿಲ್ಲ ಅಂತ ಒಬ್ಬ ಕ್ಷೌರಿಕ ಕೇಳಿದ್ದ. ಅಷ್ಟು ದೊಡ್ಡ ಹಡಗಿನಲ್ಲಿ ಬಟ್ಟೆ ಒಣಗಿಸಲು ಒಂದು ಹಗ್ಗ ಕಟ್ಟಿಲ್ಲವಲ್ಲ, ಇದನ್ನ ಬರೆದೋನು ಗಂಡಸೇ ಇರಬೇಕು ಅಂತ ಒಬ್ಬ ಗೃಹಿಣಿ. ಕೈಗಡಿಯಾರ ರಿಪೇರಿಯ ಮುದುಕರೊಬ್ಬರು ಹಡಗಿನ ವೇಗ ಲೆಕ್ಕ ಹಾಕಿ ಹದಿನಾಲ್ಕು ಪುಟ ಕಳಿಸಿ, ಈ ವೇಗದಲ್ಲಿ ಹೋದರೆ ಮುಟ್ಟೋದಿರಲಿ, ಹೊರಟಿರೋದೇ ಅನುಮಾನ ಅಂದಿದ್ದರು. ಬೆಳಕು-ಶಬ್ದದ ದೂರಂತೂ ದಿನಕ್ಕೆ ಇಪ್ಪತ್ತು. ನೀಲಿ ಬೆಳಕಿಗೆ ಕಣ್ಣುರಿ, ಗುಂಯ್ ಶಬ್ದಕ್ಕೆ ತಲೆ ಸಿಡಿತ. ಹಸಿರು ಚೀಟಿಗೆ ಆ ಚಳಿಗಾಲದಲ್ಲಿ ಬಂದಷ್ಟು ಬೇಡಿಕೆ ಎಂದೂ ಬಂದಿರಲಿಲ್ಲ.

ಒಂದು ಸಂಜೆ ಅವಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಮರೆಯೋ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಇವತ್ತೊಬ್ಬಳು ಬರೆದಿದ್ದಾಳೆ. ‘ದೂರದ ಪಾಳಿ’ ನೋಡಿದ ದಿನ ಅವಳಿಗೆ ತಲೆನೋವು, ದೊಡ್ಡ ಮಗಳಿಗೆ ವಾಂತಿ, ಚಿಕ್ಕವಳು ಆ ಗುಂಯ್ ಶಬ್ದ ಬಂದ ಕೂಡಲೇ ನಿದ್ದೆ ಹೋಗ್ತಾಳಂತೆ. ಬೇರೆ ಕಾರ್ಯಕ್ರಮಕ್ಕೆ ಏನೂ ಆಗಲ್ವಂತೆ."

"ವಾಂತಿ ನನಗೂ ಬರುತ್ತೆ," ಅಂದೆ ನಾನು. "ಅವರಿಗೆ ರುಚಿ ಇದೆ ಅಂತ ಅರ್ಥ."

ಅಣ್ಣ ನಕ್ಕ, ಅತ್ತಿಗೆ ನಕ್ಕಳು, ನಾನಂತೂ ನನ್ನ ಜೋಕಿಗೆ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಇಪ್ಪತ್ತೆರಡು ವರ್ಷ ಹೀಟರಿನ ಕಸುಬು ಮಾಡಿದವನು. ಚಳಿಗಾಲ, ಸಂಜೆ, ಒಂದೇ ಕೋಣೆ, ತಲೆನೋವು, ವಾಂತಿ, ನಿದ್ದೆ. ಇಷ್ಟೂ ಕಿವಿಗೆ ಬಿದ್ದಾಗ ಎದ್ದು ನಿಲ್ಲಬೇಕಾಗಿತ್ತು. ಕೂತು ನಕ್ಕೆ.

ಕೊನೆಯ ಕಂತಿನ ಗುರುವಾರ ಕೇಂದ್ರದ ಮೂರನೇ ಮಹಡಿಯ ಹೀಟರ್ ಕೆಟ್ಟಿತು. ನನ್ನನ್ನೇ ಕರೆಸಿದರು. ಕೆಲಸ ಮುಗಿದಾಗ ಹನ್ನೆರಡೂವರೆ, ಅತ್ತಿಗೆಯ ಮೇಜಿನ ಹತ್ತಿರವೇ ಕೂತು ಇಬ್ಬರೂ ಡಬ್ಬಿ ಬಿಚ್ಚಿದೆವು. ಹನ್ನೆರಡಕ್ಕೆ ಅಂಚೆಯ ಚೀಲ ಹೋಗಿಯಾಗಿತ್ತು, ಅವಳಿಗೆ ಬಿಡುವು.

"ನಿನ್ನ ವಾಂತಿಯಮ್ಮ ಮತ್ತೆ ಬರೆದಿದ್ದಾಳೆ ಕಣೋ ಮೈದುನ," ಅಂತ ಬೆಳಕು-ಶಬ್ದದ ಪೆಟ್ಟಿಗೆಯಿಂದ ಒಂದು ಕಾಗದ ಎತ್ತಿದಳು. ನನ್ನನ್ನು ನಗಿಸಬೇಕು ಅಂತ, ಐದು ಸಾಲಿಗೆ ನಿಲ್ಲಿಸದೆ ಓದುತ್ತಾ ಹೋದಳು.

‘ಟೀವಿಯವರಿಗೆ ನಮಸ್ಕಾರ. ನೀವು ಉತ್ತರ ಬರೆದದ್ದಕ್ಕೆ ತುಂಬ ಸಂತೋಷವಾಯಿತು. ನಮಗೆ ಯಾರೂ ಕಾಗದ ಬರೆಯುವುದಿಲ್ಲ. ನೀವು ಹೇಳಿದ ಹಾಗೇ ಕಿಟಕಿಗೆ ಕಂಬಳಿ ಕಟ್ಟಿದೆವು. ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿದೆವು. ಬೆಳಕು ಚೆನ್ನಾಯಿತು. ಆದರೆ ಚಿಕ್ಕವಳು ಈಗ ಶುರುವಿನ ಹಾಡು ಮುಗಿಯುವ ಮೊದಲೇ ನಿದ್ದೆ ಹೋಗುತ್ತಾಳೆ, ಹೋದ ವಾರ ಎಷ್ಟು ಅಲ್ಲಾಡಿಸಿದರೂ ಏಳಲಿಲ್ಲ, ಎತ್ತಿಕೊಂಡು ಹೋಗಿ ಮಲಗಿಸಿದೆ. ನಿದ್ದೆಯಲ್ಲಿ ಕೆನ್ನೆ ಕೆಂಪಗೆ ಚೆಂದ ಕಾಣುತ್ತಿತ್ತು. ನಮ್ಮವರಿಗೆ ಸಂಜೆಯ ಕೆಲಸ, ಅವರು ನೋಡಿಲ್ಲ. ಗುರುವಾರ ಮಾತ್ರ ಮುಂದಿನ ಕೋಣೆಯ ಹೀಟರ್ ಹಚ್ಚುತ್ತೇವೆ, ನಿಮ್ಮ ಧಾರಾವಾಹಿಗೋಸ್ಕರವೇ. ಆ ಶಬ್ದವನ್ನು ಕೊನೆಯ ಕಂತಿನಲ್ಲಾದರೂ ಸ್ವಲ್ಪ ಕಡಿಮೆ ಮಾಡಿ.’

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಕಸುಬಿಗೆ ಬಂದ ಎರಡನೇ ಚಳಿಗಾಲದಲ್ಲಿ ಅಂಥ ಒಂದು ಮನೆಯ ಬಾಗಿಲು ಒಡೆಯುವಾಗ ನಾನಿದ್ದೆ. ಹೀಟರಿನ ಹೊಗೆಕೊಳವೆ ಕಟ್ಟಿಕೊಂಡರೆ ಬರುವ ಆ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ನಾಲ್ಕು ಜನ ಮೇಜಿನ ಸುತ್ತ ಕೂತಲ್ಲೇ ಇದ್ದರು. ಕೆನ್ನೆಗಳು ಕೆಂಪಗಿದ್ದವು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಇದು ಧಾರಾವಾಹಿಯಿಂದ ಅಲ್ಲ," ಅಂದೆ. "ಹೀಟರಿಂದ. ಇವತ್ತು ಸಂಜೆ ಆ ಕೋಣೇಲಿ ಕೂತರೆ ಚಿಕ್ಕದು ಏಳಲ್ಲ. ವಿಳಾಸ ಕೊಡು."

ಅತ್ತಿಗೆ ನನ್ನ ಮುಖ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಕತ್ತರಿ ನೋಡಿದಳು.

"ಇಲ್ಲ," ಅಂದಳು. "ಅಂಟಿಸಿ ಕಳಿಸಿಬಿಟ್ಟೆ. ಹನ್ನೆರಡು ಗಂಟೆ ಚೀಲದಲ್ಲಿ. ಹಸಿರು ಚೀಟಿ ಹಾಕಿ."

ಮತ್ತೆ ಅದೇ ಚೀಟಿ. ಬಾಗಿಲ ಸಂದಿಗೆ ಬಟ್ಟೆ ತುರುಕಿ. ಮೊದಲನೇ ಕಾಗದ ಹುಡುಕು ಅಂದೆ. ಪೆಟ್ಟಿಗೆ ನೆಲಕ್ಕೆ ಸುರಿದು ಇಬ್ಬರೂ ಮಂಡಿಯೂರಿ ಕೂತು ಹುಡುಕಿದೆವು. ಬಲಕ್ಕೆ ವಾಲಿದ ದುಂಡು ಅಕ್ಷರ, ನೀಲಿ ಶಾಯಿ. ಸಿಕ್ಕಿತು. ಅದಕ್ಕೂ ವಿಳಾಸವಿಲ್ಲ. ಕೆಳಗೆ ಒಂದು ಸಹಿ, ಅದೂ ಓದಲು ಬಾರದ್ದು. ಅತ್ತಿಗೆ ಹಾಳೆ ತಿರುವಿದಳು. ಹಿಂದಿನ ಪುಟದಲ್ಲೂ ಬರೆದಿತ್ತು. ‘ನಾವು ಆ ಕೋಣೆಯ ಹೀಟರ್ ಹಚ್ಚುವುದು ವಾರಕ್ಕೊಮ್ಮೆ ಮಾತ್ರ. ಅದರ ಉರಿ ಈಚೆಗೆ ಹಳದಿಯಾಗಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಅನ್ನಿಸುತ್ತದೆ, ಆದರೂ ಬರೆದಿದ್ದೇನೆ.’

ಉರಿ ಹಳದಿಯಾಯಿತು ಅಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ ಅಂತಲೇ ಅರ್ಥ. ಅತ್ತಿಗೆ ಹಿಂದಿನ ಪುಟ ಓದಿರಲಿಲ್ಲ. ಐದು ಸಾಲಿನ ನಿಯಮ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ ನಾವಿಬ್ಬರೂ ಆ ಒಂದು ಹಾಳೆಯನ್ನು ಹಿಡಿದುಕೊಂಡು ಕೂತಿದ್ದೆವು.

ಸ್ಕೂಟರ್ ಹತ್ತಿ ಅಂಚೆ ಕಚೇರಿಗೆ ಓಡಿದೆ. ಒಳಗೆ ಬಿಡಲಿಲ್ಲ. ಕಿಂಡಿಯಲ್ಲಿದ್ದ ಮನುಷ್ಯ ಒಳ್ಳೆಯವನೇ, ಪೂರ್ತಿ ಕೇಳಿದ. "ನಿಮ್ಮ ಚೀಲ ಸುರಿದು ಒಂದು ಗಂಟೆ ಆಯ್ತು. ಹಿಟ್ಟಿನ ರಾಶೀಲಿ ನಿಮ್ಮ ಹಿಟ್ಟು ಯಾವುದು ಅಂತ ಹೇಗೆ ಹೇಳಲಿ? ನಾಡಿದ್ದು ಮನೆಗೆ ಮುಟ್ಟುತ್ತೆ," ಅಂದ. ನಾಡಿದ್ದು ಮುಟ್ಟಿದರೆ ಏನು ಬಂತು. ಗ್ಯಾಸ್ ಆಫೀಸಿಗೆ ಫೋನ್ ಮಾಡಿದೆ, ವಿಳಾಸ ಹೇಳಿ ಅಂದರು. ಪೊಲೀಸರಿಗೆ ಮಾಡಿದೆ, ಅವರೂ ವಿಳಾಸ ಹೇಳಿ ಅಂದರು. ಅತ್ತಿಗೆ ಕಸದ ಡಬ್ಬಿ ತಡಕಿ ಲಕೋಟೆಯ ಉಳಿದ ಭಾಗ ಹುಡುಕಿಟ್ಟಿದ್ದಳು. ಅಂಚೆ ಮುದ್ರೆ ನೋಡಿದರೆ ಇದೇ ಊರು. ಇದೇ ಊರಲ್ಲಿ ಲಕ್ಷ ಕಿಟಕಿ, ಯಾವುದಕ್ಕೆ ಕಂಬಳಿ ಕಟ್ಟಿದೆ ಅಂತ ಹುಡುಕೋದು?

ನಾನು ವಾಪಸು ಬಂದಾಗ ನಾಲ್ಕು ಗಂಟೆ. ಅತ್ತಿಗೆ ಎದ್ದು ನಿಂತಿದ್ದಳು. "ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ," ಅಂದಳು. "ಏಳು ಗಂಟೆಗೆ ಯಾವುದರ ಮುಂದೆ ಕೂತಿರ್ತಾರೆ ಅಂತ ಗೊತ್ತು."

ಹದಿನಾರು ವರ್ಷದಲ್ಲಿ ಅತ್ತಿಗೆ ಕತ್ತರಿಯವರ ಕೋಣೆಗೆ ಕರೆಯದೆ ಹೋದದ್ದು ಅದೇ ಮೊದಲು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಪರದೆಯ ಕೆಳಗೆ ಒಂದು ಸಾಲು ಹಾಕಿಸಿ, ಕಿಟಕಿ ತೆಗೆಯಿರಿ ಅಂತ, ಅಷ್ಟು ಸಾಕು, ಅಂದಳು ಅವಳು.

"ನಿಮಗೆ ತಲೆ ಸರಿ ಇದೆಯಾ?" ಅಂದರು ಅವರು, ಮೆಲ್ಲಗೇ. "ಧಾರಾವಾಹಿ ನೋಡಿ ಕಾಯಿಲೆ ಬಂತು ಅಂತ ನೂರಾರು ಜನ ಬರೆದಿದ್ದಾರೆ. ಇವತ್ತು ನಾವೇ ಹೌದು ಅಂತ ಹೇಳಿಬಿಟ್ಟರೆ ನಾಳೆ ಪತ್ರಿಕೆಯವರು ಬಿಡ್ತಾರಾ? ಹೇಗೂ ಇವತ್ತಿಗೆ ಮುಗೀತು. ಸುಮ್ಮನಿರಿ."

"ಮಗು ಸತ್ತರೆ?"

"ನಿಮ್ಮ ಮೈದುನ ಡಾಕ್ಟರಾ?"

ನನಗೆ ಅವರ ಕುತ್ತಿಗೆಗೆ ಕೈ ಹಾಕಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅತ್ತಿಗೆ ನನ್ನ ತೋಳು ಹಿಡಿದು ಆಚೆ ಎಳೆದುಕೊಂಡು ಬಂದಳು. ಮೆಟ್ಟಿಲ ಹತ್ತಿರ ಬಂದು ನಿಂತಳು. "ಹೆದರಿಕೆ ಆಗ್ತಿದೆ ಕಣೋ," ಅಂದಳು. "ಕಂಬಳಿ ಕಟ್ಟಿಸಿದೋಳು ನಾನು."

ಇನ್ನುಳಿದವರು ಒಬ್ಬರೇ. ಪ್ರತಿ ಸಂಜೆ ಪರದೆಯ ಮೇಲೆ ಬಂದು ಮುಂದಿನ ಕಾರ್ಯಕ್ರಮದ ಹೆಸರು ಹೇಳುವ ಹೆಂಗಸು. ಜನರ ಬಾಯಲ್ಲಿ ಅವರು ‘ಏಳು ಗಂಟೆಯಮ್ಮ’. ನರೆತ ಕೂದಲು, ಅಳತೆ ಹಾಕಿದ ಮಾತು. ಆರೂವರೆಗೆ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಾ ಕೂತಿದ್ದರು. ಅತ್ತಿಗೆ ಎರಡೂ ಕಾಗದ ಅವರ ಮಡಿಲಲ್ಲಿಟ್ಟು, ಹಿಂದಿನ ಪುಟವನ್ನು ತಾನೇ ತಿರುವಿ ತೋರಿಸಿದಳು. ಅವರು ಕೊನೆಯವರೆಗೂ ಓದಿದರು. ಮಡಚಿ ವಾಪಸು ಕೊಟ್ಟರು. "ನನಗೆ ಹತ್ತು ಸೆಕೆಂಡ್ ಕೊಡ್ತಾರೆ ಅಷ್ಟೇ," ಅಂದರು. ಮಾಡ್ತೀನಿ ಅಂತಲೂ ಅನ್ನಲಿಲ್ಲ, ಮಾಡಲ್ಲ ಅಂತಲೂ ಅನ್ನಲಿಲ್ಲ.

ಏಳಕ್ಕೆ ನಾವು ಪತ್ರಗಳ ಕೋಣೆಯ ಚಿಕ್ಕ ಟೀವಿ ಮುಂದೆ ನಿಂತಿದ್ದೆವು. ಏಳು ಗಂಟೆಯಮ್ಮ ಬಂದರು. ಎಂದಿನ ಮುಗುಳ್ನಗೆ ಇರಲಿಲ್ಲ.

"ಈಗ ‘ದೂರದ ಪಾಳಿ’ಯ ಕೊನೆಯ ಕಂತು. ಅದಕ್ಕೆ ಮೊದಲು ಒಂದು ಮಾತು. ಹೀಟರ್ ಹಚ್ಚಿದ ಕೋಣೆಯಲ್ಲಿ ಕೂತವರು ಈಗಲೇ ಎದ್ದು ಹೀಟರ್ ಆರಿಸಿ, ಕಿಟಕಿ ತೆಗೆಯಿರಿ. ಕಿಟಕಿಗೆ ಕಂಬಳಿ ಕಟ್ಟಿದ್ದರೆ ಕಿತ್ತುಹಾಕಿ. ಬಾಗಿಲ ಸಂದಿಯ ಬಟ್ಟೆ ತೆಗೆಯಿರಿ. ನೀವು ತೆಗೆಯುವವರೆಗೂ ನಾನು ಕಾಯುತ್ತೇನೆ."

ಅಷ್ಟು ಹೇಳಿ ಸುಮ್ಮನಾದರು. ನೆಟ್ಟ ನೋಟ, ರೆಪ್ಪೆ ಹೊಡೆಯಲಿಲ್ಲ. ಹತ್ತು ಸೆಕೆಂಡ್ ಆಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಕಾರಿಡಾರಿನಲ್ಲಿ ಯಾರೋ ಓಡುವ ಸದ್ದು, ಯಾರೋ ಕೂಗಿದ ಸದ್ದು. ಪರದೆಯ ಮೇಲೆ ಆ ಹೆಂಗಸು ಕದಲಲಿಲ್ಲ. ಕೊನೆಗೆ "ತೆಗೆದಿರಾ?" ಅಂತ ಕೇಳಿದರು, ಮನೆಯವರನ್ನು ಕೇಳುವ ಹಾಗೆ. ಆಮೇಲೆ ಕೇಂದ್ರದವರು ಚಿತ್ರ ಕತ್ತರಿಸಿ ಧಾರಾವಾಹಿಯ ಹಾಡು ಹಾಕಿದರು.

ಆ ಕಂತಿನಲ್ಲಿ ಏನಾಯಿತು ಅಂತ ನನಗೆ ಗೊತ್ತಿಲ್ಲ. ನಲವತ್ತು ನಿಮಿಷ ಪರದೆ ನೋಡಿದೆ, ಕಂಡದ್ದು ಒಂದು ಮುಚ್ಚಿದ ಕೋಣೆ. ನೀಲಿ ಬೆಳಕು ಮಿಣುಕಿ ಗುಂಯ್ ಶಬ್ದ ಬಂದಾಗ ಅತ್ತಿಗೆ ಎರಡೂ ಕಿವಿ ಮುಚ್ಚಿಕೊಂಡಳು.

ಶುಕ್ರವಾರ ಬಂತು, ಹೋಯಿತು. ಅಣ್ಣ ಪತ್ರಿಕೆಯನ್ನು ಒಂದೊಂದೇ ಪುಟ ತಿರುವಿ, ಸಾವಿನ ಸುದ್ದಿಗಳಿರುವ ಪುಟ ತಾನೇ ಮೊದಲು ಓದಿ, ಆಮೇಲೆ ಅವಳಿಗೆ ಕೊಡುತ್ತಿದ್ದ. ಶನಿವಾರ ಬೆಳಗ್ಗೆ ಅತ್ತಿಗೆ ಗಡಿಯಾರ ನೋಡಿ, "ಈಗ ಹಸಿರು ಚೀಟಿ ಮುಟ್ಟಿರುತ್ತೆ," ಅಂದಳು. ಬಾಗಿಲು ತೆಗೆಯೋರು ಇದ್ದರೆ, ಅಂತ ಅವಳು ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಇಬ್ಬರಿಗೂ ಕೇಳಿಸಿತು. ಆ ಮೂರು ದಿನ ಅವಳ ಹೊಟ್ಟೆಗೆ ಏನು ಹೋಯಿತೋ ನಾನು ಕಾಣೆ. ನನಗೆ ಕಣ್ಣು ಮುಚ್ಚಿದರೆ ಆ ಹಳೇ ಮನೆಯ ಮೇಜು.

ಸೋಮವಾರ ಎಂದಿಗಿಂತ ಮೂರು ಪಟ್ಟು ಕಾಗದ ಬಂತು. ನಾನು ಕೆಲಸಕ್ಕೆ ರಜೆ ಹಾಕಿ ಅತ್ತಿಗೆಯ ಜೊತೆ ಒಡೆಯಲು ಕೂತೆ. ಹೀಗೂ ಉಂಟೆ ಅನ್ನಿಸುವ ಕಾಗದಗಳು. ಏಳು ಗಂಟೆಯಮ್ಮನ ಮಾತನ್ನು ಜನ ಧಾರಾವಾಹಿಯ ಭಾಗ ಅಂದುಕೊಂಡಿದ್ದರು. ‘ಕಿಟಕಿಯ ಪ್ರಯೋಗ ಅದ್ಭುತ, ನಾವೆಲ್ಲ ನಡುಗುತ್ತಾ ನೋಡಿದೆವು, ಹಡಗಿನಲ್ಲೇ ಕೂತ ಹಾಗಾಯಿತು.’ ‘ಎಂಟು ಕಂತಿನಲ್ಲಿ ನನಗೆ ಭಯವಾದದ್ದು ಆ ಒಂದು ನಿಮಿಷ ಮಾತ್ರ.’ ‘ಇಂಥ ಧಾರಾವಾಹಿ ನಿಲ್ಲಿಸಿದವರಿಗೆ ಬುದ್ಧಿ ಇಲ್ಲ.’ ಶುಕ್ರವಾರ ಏಳು ಗಂಟೆಯಮ್ಮನನ್ನು ಮನೆಗೆ ಕಳಿಸಲು ಓಡಾಡಿದ್ದ ಕತ್ತರಿಯವರು ಸೋಮವಾರ ಮಧ್ಯಾಹ್ನ, "ನಮ್ಮ ವಿಭಾಗದ್ದೇ ಸಲಹೆ," ಅಂತ ಮೇಲಿನವರಿಗೆ ಹೇಳಿದರಂತೆ. ಗಾಳಿ ಬಂದ ಕಡೆ ತೂರಿಕೊಳ್ಳೋರಿಗೆ ಹೇಳಿಕೊಡಬೇಕೇ.

ನೀಲಿ ಶಾಯಿಯ ಕಾಗದ ಹನ್ನೊಂದು ಬಂದವು. ಒಂದೂ ಅವಳದಲ್ಲ. ಸಂಜೆ ಚೀಲ ಖಾಲಿಯಾದಾಗ ಅತ್ತಿಗೆ ಅದನ್ನು ತಿರುವಿ ಕೊಡವಿದಳು, ಒಳಗೆ ಕೈ ಹಾಕಿ ಮೂಲೆ ಮುಟ್ಟಿ ನೋಡಿದಳು. "ಬರೆಯೋ ಸ್ವಭಾವದವಳು," ಅಂದಳು. "ಇದ್ದಿದ್ದರೆ ಬರೀತಿದ್ದಳು." ಆಮೇಲೆ ಮೇಜಿಗೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಮಾಧಾನ ಹೇಳೋಕೆ ಬರಲ್ಲ. ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ಮಂಗಳವಾರ ಎರಡನೇ ಚೀಲದಲ್ಲಿ ಅದು ಬಂತು. ಬಲಕ್ಕೆ ವಾಲಿದ ದುಂಡು ಅಕ್ಷರ. ಅತ್ತಿಗೆಗೆ ಒಡೆಯಲು ಆಗಲಿಲ್ಲ, ನನ್ನ ಕೈಗೆ ಕೊಟ್ಟಳು.

‘ಟೀವಿಯವರಿಗೆ ನಮಸ್ಕಾರ. ಕೊನೆಯ ಕಂತನ್ನು ನೀವೇ ಹಾಳು ಮಾಡಿದಿರಿ. ಆ ಅಮ್ಮ ನಮ್ಮನ್ನೇ ನೋಡುತ್ತಾ ನಿಂತರು, ಕಂಬಳಿಯ ವಿಷಯ ಅವರಿಗೆ ಹೇಗೆ ಗೊತ್ತು ಅಂತ ದೊಡ್ಡವಳು ಹೆದರಿ ಹೀಟರ್ ಆರಿಸಿ ಕಿಟಕಿ ಪೂರ್ತಿ ತೆಗೆದಳು. ಕೈಕಾಲು ಮರಗಟ್ಟಿತು. ಚಿಕ್ಕವಳು ಈ ಸಲ ಮಲಗಲೇ ಇಲ್ಲ. ಅದು ಯಾರು, ಇದು ಯಾಕೆ ಅಂತ ಕೊನೆಯವರೆಗೂ ತಲೆ ತಿಂದು ನನಗೆ ಒಂದು ಮಾತೂ ಕೇಳಿಸದ ಹಾಗೆ ಮಾಡಿದಳು. ಹಡಗು ಕೊನೆಗೆ ಮುಟ್ಟಿತೋ ಇಲ್ಲವೋ ದಯವಿಟ್ಟು ತಿಳಿಸಿ. ನೀವು ಮತ್ತೆ ಕಳಿಸಿದ ಹಸಿರು ಚೀಟಿ ಬಂತು. ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತೀರಿ?’

ಅತ್ತಿಗೆ "ಇನ್ನೊಂದು ಸಲ ಓದು," ಅಂದಳು. ಓದಿದೆ. "ಚಿಕ್ಕವಳದು ಮಾತ್ರ ಓದು," ಅಂದಳು. ತಲೆ ತಿಂದಳು ಅನ್ನೋ ಸಾಲನ್ನು ನಾಲ್ಕು ಸಲ ಓದಿಸಿದಳು. ಐದನೇ ಸಲ ನನಗೆ ಆಗಲಿಲ್ಲ. ಲಕೋಟೆಯ ವಿಳಾಸ ಯಾರೂ ಕತ್ತರಿಸಲಿಲ್ಲ. ಅರ್ಧ ಗಂಟೆಯಲ್ಲಿ ನಾವು ಆ ಮನೆಯ ಮುಂದೆ ಇದ್ದೆವು.

ಹೊಲಿಗೆ ಅಂಗಡಿಯ ಮೇಲೆ ಎರಡನೇ ಮಹಡಿ. ಬಾಗಿಲು ತೆಗೆದ ತಾಯಿ ತನ್ನ ದೂರಿಗೇ ಬಂದಿದ್ದಾರೆ ಅಂತ ಸಂಕೋಚಪಟ್ಟು, ಅಷ್ಟೊಂದು ಕೋಪದಲ್ಲಿ ಬರೆಯಬಾರದಿತ್ತು ಅಂದಳು. ನಾನು ಚೀಲ ಬಿಚ್ಚಿ ನೇರ ಹೀಟರಿಗೆ ಹೋದೆ. ಹೊರಗೋಡೆಯಲ್ಲಿ ಹೊಗೆಕೊಳವೆಯ ಬಾಯಿಗೆ ಯಾವುದೋ ಹಕ್ಕಿ ಗೂಡು ಕಟ್ಟಿ ಬಿಟ್ಟುಹೋಗಿತ್ತು, ಅದರ ಮೇಲೆ ಮಸಿ ಕೂತು ಕಲ್ಲಾಗಿತ್ತು. ಕೈಯ ಹೆಬ್ಬೆರಳು ಹೋಗುವಷ್ಟೂ ಸಂದಿರಲಿಲ್ಲ. ಕಿತ್ತು ಕಾಗದದ ಮೇಲೆ ಹಾಕಿ, ಅದೇನು ಅಂತ ಅವಳಿಗೆ ವಿವರಿಸಿದೆ. ತಲೆನೋವು ಯಾಕೆ, ವಾಂತಿ ಯಾಕೆ, ಚಿಕ್ಕವಳ ನಿದ್ದೆ ಯಾಕೆ, ಎಲ್ಲ.

"ಹಾಗಾದರೆ ಧಾರಾವಾಹಿಯದ್ದಲ್ಲವಾ?" ಅಂದಳು.

"ಅಲ್ಲ."

"ಕಿಟಕಿ ಮುಚ್ಚಿದ್ದರಿಂದ ಜಾಸ್ತಿ ಆಯ್ತು?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಹೌದು," ಅಂದಳು. "ಮುಚ್ಚಿ ಅಂತ ಬರೆದೋಳು ನಾನು. ನಿಮ್ಮ ಮೊದಲನೇ ಕಾಗದದ ಹಿಂದಿನ ಪುಟ ನಾನು ಓದಲಿಲ್ಲ."

ನಾನು ಅವಳ ಕಾಲು ತುಳಿದೆ, ಸುಮ್ಮನಿರು ಅಂತ. ಅವಳು ಕಾಲು ಆಚೆ ತೆಗೆದುಕೊಂಡಳು. ಅಳುತ್ತಿದ್ದಳು, ಕಣ್ಣು ಮಾತ್ರ ಆ ತಾಯಿಯ ಮುಖದಿಂದ ತೆಗೆಯಲಿಲ್ಲ. ಆ ಹೆಂಗಸು ಕಾಗದದ ಮೇಲಿನ ಮಸಿ ನೋಡಿದಳು, ಬಾಗಿಲಲ್ಲಿ ನಿಂತ ಇಬ್ಬರು ಹೆಣ್ಣುಮಕ್ಕಳನ್ನು ನೋಡಿದಳು. ಚಿಕ್ಕವಳು ನನ್ನ ಸ್ಪ್ಯಾನರ್ ಎತ್ತಿಕೊಂಡು ಇದು ಯಾವುದಕ್ಕೆ ಅಂತ ಕೇಳುತ್ತಿದ್ದಳು. ತಾಯಿ ಹೋಗಿ ಅವಳನ್ನು ಎತ್ತಿಕೊಂಡಳು.

"ಹಿಂದಿನ ಪುಟದಲ್ಲೂ ಬರೆದಿದ್ದೆನಲ್ಲ," ಅಂದಳು. ಆಮೇಲೆ, "ನೀವಿನ್ನು ಹೊರಡಿ."

ಬಾಗಿಲು ಮುಚ್ಚಿತು. ಮೆಟ್ಟಿಲ ತಿರುವಿನಲ್ಲಿ ಅತ್ತಿಗೆ ಕುಸಿದು ಕೂತಳು. "ಏಳು, ತಣ್ಣಗಿದೆ," ಅಂದೆ. "ಅವಳು ಹಾಗನ್ನಬಾರದಿತ್ತು."

"ಅನ್ನಬೇಕಾಗಿತ್ತು," ಅಂದಳು. "ಸುಮ್ಮನಿರು, ಕೇಳಿಸ್ಕೊ."

ಒಳಗೆ ಚಿಕ್ಕವಳ ದನಿ. ಅವರು ಯಾರು, ಯಾಕೆ ಬಂದಿದ್ದರು, ಆ ಅತ್ತೆ ಯಾಕೆ ಅಳ್ತಿದ್ದರು, ಹಕ್ಕಿ ಎಲ್ಲಿ ಹೋಯ್ತು. ತಾಯಿ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಚಿಕ್ಕವಳು ಕೇಳೋದನ್ನು ನಿಲ್ಲಿಸಲೂ ಇಲ್ಲ. ನಾನು ಚೀಲ ಕೆಳಗಿಟ್ಟು ಅತ್ತಿಗೆಯ ಪಕ್ಕದಲ್ಲಿ ಕೂತೆ.